ಹಾಸನದಿಂದ ಅಮೆರಿಕಕ್ಕೆ ಎಷ್ಟು ದೂರ, ಎಷ್ಟು ಹೊತ್ತು? ಮನೆಯಲ್ಲೇ ಕೂತು ಲೆಕ್ಕ ಹಾಕುವ ಪೂರ್ತಿ ವಿಧಾನ

ಅಕ್ಕನ ಬಾಣಂತನಕ್ಕೆ ಅಮ್ಮ ಅಮೆರಿಕಕ್ಕೆ ಹೋಗುವುದು ಅಂತ ತೀರ್ಮಾನ ಆದ ದಿನ ಹಾಸನದ ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. ಎಷ್ಟೊತ್ತಾಗತ್ತೆ? ಟ್ರಾವೆಲ್ ಏಜೆಂಟ್ ಹದಿನೇಳು ಗಂಟೆ ಅಂದರು. ಭಾವ ಇಪ್ಪತ್ಮೂರು ಅಂದರು. ಹಿಂದಿನ ವರ್ಷ ಮಗನ ಮನೆಗೆ ಹೋಗಿಬಂದಿದ್ದ ಪಕ್ಕದ ಮನೆ ಆಂಟಿ ಒಂದೂವರೆ ದಿನ ಅಂದರು. ಟಿಕೆಟ್ ತೆಗೆದು ನೋಡಿದರೆ ಬೆಳಗಿನ ಜಾವ 4ಕ್ಕೆ ಬೆಂಗಳೂರು ಬಿಟ್ಟು ಅದೇ ತಾರೀಕು ಮಧ್ಯಾಹ್ನ 2.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತದೆ ಅಂತ ಇತ್ತು. ಹತ್ತೂವರೆ ಗಂಟೆ! ಅಮ್ಮನಿಗೆ ಗಾಬರಿಯಾಯಿತು. ಶುಗರ್ ಮಾತ್ರೆ ಎಷ್ಟು ತಗೊಂಡು ಹೋಗಬೇಕು, ಎಷ್ಟು ಹೊತ್ತಿನ ಊಟ ಹೊರಗೆ ಆಗುತ್ತದೆ, ಯಾವುದೂ ಗೊತ್ತಾಗಲಿಲ್ಲ.

ಆಮೇಲೆ ಕೂತು ನೋಡಿದರೆ ಯಾರು ಹೇಳಿದ್ದೂ ಸುಳ್ಳಲ್ಲ. ಏಜೆಂಟ್ ಹೇಳಿದ್ದು ಎಲ್ಲೂ ಇಳಿಯದೆ ನೇರ ಹಾರಿದರೆ ಆಗುವ ಹೊತ್ತು. ಭಾವ ಹೇಳಿದ್ದು ದುಬೈನಲ್ಲಿ ಇಳಿದು ಹತ್ತುವುದನ್ನೂ ಸೇರಿಸಿ. ಆಂಟಿ ಹೇಳಿದ್ದು ಮನೆ ಬಾಗಿಲಿಂದ ಮನೆ ಬಾಗಿಲಿಗೆ. ಟಿಕೆಟ್ಟಿನಲ್ಲಿ ಇದ್ದದ್ದು ಎರಡು ಊರಿನ ಎರಡು ಬೇರೆ ಗಡಿಯಾರ. ಅಂದರೆ ದೂರ, ಹಾರುವ ಹೊತ್ತು, ಗಡಿಯಾರದ ವ್ಯತ್ಯಾಸ, ಒಟ್ಟು ಪ್ರಯಾಣ, ಈ ನಾಲ್ಕನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಕಲಸಿಬಿಟ್ಟರೆ ಎಲ್ಲವೂ ತಪ್ಪಾಗುತ್ತದೆ. ಒಂದು ಸಂಜೆ ಸಾಕು. ಒಮ್ಮೆ ಕಲಿತರೆ ಲಂಡನ್, ಸಿಡ್ನಿ, ಟೊರಾಂಟೊ, ಎಲ್ಲಿಗೆ ಬೇಕಾದರೂ ಇದೇ ವಿಧಾನ.

ಹಂತ 1: ಊರಲ್ಲ, ನಿಲ್ದಾಣ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಲಂಡನ್ ಅಂದರೆ ಹೀಥ್ರೋನಾ, ಗ್ಯಾಟ್ವಿಕ್ಕಾ? ನ್ಯೂಯಾರ್ಕ್ ಅಂದರೆ ಜೆಎಫ್‌ಕೆನಾ, ಪಕ್ಕದ ನ್ಯೂವಾರ್ಕಾ? ಪ್ರತಿ ನಿಲ್ದಾಣಕ್ಕೂ ಮೂರಕ್ಷರದ ಕೋಡ್ ಇರುತ್ತದೆ. ನಮ್ಮ ದೇವನಹಳ್ಳಿಯದು ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೋದ್ದು ಎಸ್‌ಎಫ್‌ಓ. ಅಕ್ಕ ಇರುವುದು ಸ್ಯಾನ್ ಹೊಸೆಯಲ್ಲಿ. ಆ ಹೆಸರಿನ ಊರು ಕೋಸ್ಟರಿಕಾ ದೇಶದಲ್ಲೂ ಇದೆ. ಕ್ಯಾಲಿಫೋರ್ನಿಯಾದ್ದು ಎಸ್‌ಜೆಸಿ, ಕೋಸ್ಟರಿಕಾದ್ದು ಎಸ್‌ಜೆಓ. ಒಂದು ಅಕ್ಷರದಲ್ಲಿ ಬೇರೆ ದೇಶಕ್ಕೇ ಹೋಗಿಬಿಡುತ್ತೀರಿ. ಅದಕ್ಕೇ ಊರಿನ ಹೆಸರು ಟೈಪ್ ಮಾಡಿ ಬಂದ ಮೊದಲ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಕೋಡ್ ನೋಡಿ.

ಹಂತ 2: ಗ್ಲೋಬ್ ಮೇಲೆ ದಾರ ಎಳೆಯಿರಿ

ಇದು ನನಗೆ ತುಂಬಾ ಇಷ್ಟವಾದ ಹಂತ, ದಯವಿಟ್ಟು ಬಿಡಬೇಡಿ. ಗೋಡೆಗೆ ಹಾಕುವ ಭೂಪಟ ದೂರ ಅಳೆಯಲು ಪ್ರಯೋಜನಕ್ಕೆ ಬರುವುದಿಲ್ಲ. ದುಂಡಗಿರುವ ಭೂಮಿಯನ್ನು ಚಪ್ಪಟೆ ಮಾಡಿದಾಗ ಉತ್ತರದ ಕಡೆಯ ಜಾಗವೆಲ್ಲ ಹಿಗ್ಗಿಬಿಡುತ್ತದೆ. ಮಕ್ಕಳಿರುವ ಮನೆಯಲ್ಲಿ ಸ್ಕೂಲ್ ಗ್ಲೋಬ್ ಇದ್ದೇ ಇರುತ್ತದೆ, ಇಲ್ಲದಿದ್ದರೆ ಪಕ್ಕದ ಮನೆಯಿಂದ ತನ್ನಿ.

ಅವತ್ತು ಅಮ್ಮ ಜಗಲಿಯಲ್ಲಿ ಸೇವಂತಿಗೆ ಕಟ್ಟುತ್ತಿದ್ದರು. ಅವರ ಹೂವಿನ ದಾರದಲ್ಲೇ ಒಂದು ತುಂಡು ಕಿತ್ತುಕೊಂಡೆ. ಮೊದಲು ದಾರವನ್ನು ಗ್ಲೋಬಿನ ಹೊಟ್ಟೆಗೆ, ಅಂದರೆ ಭೂಮಧ್ಯರೇಖೆಗೆ, ಒಂದು ಸುತ್ತು ಸುತ್ತಿ ಸ್ಕೇಲಿನಲ್ಲಿ ಅಳೆದೆ. 63 ಸೆಂಟಿಮೀಟರ್ ಬಂತು. ನಿಜವಾದ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಆಮೇಲೆ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಅಮ್ಮನ ಹೆಬ್ಬೆರಳಲ್ಲಿ ಒತ್ತಿ ಹಿಡಿಸಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದೆ. ದಾರ ಬಿಗಿಯಾಗಬೇಕು, ಎಲ್ಲೂ ಸಡಿಲ ಇರಬಾರದು. ಬಿಗಿ ಮಾಡಿದ ಹಾಗೆ ದಾರ ತಾನಾಗೇ ಜಾರಿ ಮೇಲೆ ಹೋಗುತ್ತದೆ. ಎಲ್ಲಿ ನಿಲ್ಲುತ್ತದೋ ಅದೇ ಹತ್ತಿರದ ದಾರಿ. ನೋಡಿದರೆ ಅದು ನೇಪಾಳ, ಟಿಬೆಟ್, ಸೈಬೀರಿಯಾ ದಾಟಿ, ಉತ್ತರದ ಹಿಮದ ಅಂಚಿಗೆ ಹೋಗಿ, ಅಲಾಸ್ಕಾ ಮೇಲಿಂದ ಕೆಳಗಿಳಿದಿತ್ತು.

"ಅಮೆರಿಕ ಪಶ್ಚಿಮಕ್ಕಲ್ವೇನೋ? ಇದ್ಯಾಕೆ ಬಡಗಲಿಗೆ ಹೋಯ್ತು?" ಅಂದರು ಅಮ್ಮ.

ಭೂಮಿ ದುಂಡಗಿರುವುದಕ್ಕೇ ಹೀಗೆ. ಚೆಂಡಿನ ಮೇಲೆ ಎರಡು ಚುಕ್ಕಿಗೆ ಅತಿ ಹತ್ತಿರದ ದಾರಿ ಯಾವಾಗಲೂ ಚೆಂಡನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ ಒಂದು ತುಂಡು. ಇದಕ್ಕೆ ಮಹಾವೃತ್ತ ಅನ್ನುತ್ತಾರೆ. ಅಮೆರಿಕ ಪಶ್ಚಿಮಕ್ಕೆ ಅನ್ನುವುದು ಚಪ್ಪಟೆ ನಕ್ಷೆ ನೋಡಿ ನಮಗೆ ಬಂದ ಅಭ್ಯಾಸ ಅಷ್ಟೆ.

ದಾರ ಅಳೆದಾಗ 22 ಸೆಂಟಿಮೀಟರ್. 22 ಅನ್ನು 63ರಿಂದ ಭಾಗಿಸಿ 40,000ದಿಂದ ಗುಣಿಸಿದರೆ 13,968. ಸುಮಾರು 14,000 ಕಿಲೋಮೀಟರ್ ಅಂತಾಯಿತು. ಹೂವಿನ ದಾರಕ್ಕೆ ಇಷ್ಟು ಸರಿಯಾದ ಉತ್ತರ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಹಂತ 3: ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿ

ಪಿಯುಸಿಯಲ್ಲಿ ಓದಿದ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೇಡ ಅನ್ನಿಸಿದರೆ ಈ ಹಂತ ಬಿಟ್ಟು ಮುಂದಕ್ಕೆ ಹೋಗಿ, ದಾರದ ಲೆಕ್ಕವೇ ಸಾಕು. ಆದರೆ ಒಂದು ಸಲ ಮಾಡಿ ನೋಡಿದರೆ ಯಾವ ವೆಬ್‌ಸೈಟ್ ಏನು ಹೇಳಿದರೂ ನಂಬಬೇಕೋ ಬೇಡವೋ ಅಂತ ನಿಮಗೇ ತಿಳಿಯುತ್ತದೆ.

ಮೊಬೈಲ್ ಮ್ಯಾಪ್‌ನಲ್ಲಿ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಬೆಂಗಳೂರಿಗೆ 13.2 ಮತ್ತು 77.7. ಸ್ಯಾನ್ ಫ್ರಾನ್ಸಿಸ್ಕೋಗೆ 37.6 ಮತ್ತು ಮೈನಸ್ 122.4. ಪಶ್ಚಿಮ ರೇಖಾಂಶಕ್ಕೂ ದಕ್ಷಿಣ ಅಕ್ಷಾಂಶಕ್ಕೂ ಮೈನಸ್ ಇರುತ್ತದೆ, ಅದನ್ನು ಮರೆತರೆ ಸಿಡ್ನಿ ಜಪಾನಿನ ಹತ್ತಿರ ಹೋಗಿ ಕೂರುತ್ತದೆ.

ಮೊಬೈಲ್ ಅಡ್ಡ ತಿರುಗಿಸಿದರೆ ಸಾಮಾನ್ಯವಾಗಿ ಸೈನ್, ಕಾಸ್ ಇರುವ ಕ್ಯಾಲ್ಕುಲೇಟರ್ ಬರುತ್ತದೆ. ಮೊದಲು ಸೈನ್ 30 ಒತ್ತಿ. 0.5 ಬಂದರೆ ಸರಿ. ಬೇರೆ ಏನಾದರೂ ಬಂದರೆ ಅದು ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಾಯಿಸಿ. ಜಾಸ್ತಿ ಜನ ತಪ್ಪುವುದು ಇಲ್ಲೇ.

ಈಗ ಹೀಗೆ ಮಾಡಿ. ಎರಡು ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ: 0.2284 × 0.6101 = 0.1393. ಇದನ್ನು ಪಕ್ಕಕ್ಕೆ ಬರೆದಿಡಿ. ಆಮೇಲೆ ರೇಖಾಂಶಗಳ ವ್ಯತ್ಯಾಸ ತೆಗೆಯಿರಿ. 77.7ರಿಂದ ಮೈನಸ್ 122.4 ಕಳೆದರೆ 200.1. ಇದು 180 ದಾಟಿದ್ದರಿಂದ 360ರಿಂದ ಕಳೆದು 159.9 ಮಾಡಿಕೊಳ್ಳಿ. ಈಗ ಎರಡು ಅಕ್ಷಾಂಶಗಳ ಕಾಸ್ ಮತ್ತು ಈ ವ್ಯತ್ಯಾಸದ ಕಾಸ್, ಮೂರನ್ನೂ ಗುಣಿಸಿ: 0.9736 × 0.7923 × (−0.9391) = −0.7244. ಮೊದಲು ಬರೆದಿಟ್ಟದ್ದನ್ನು ಇದಕ್ಕೆ ಕೂಡಿದರೆ −0.5851. ಇದಕ್ಕೆ ತಿರುಗುಮುರುಗು ಕಾಸ್, ಅಂದರೆ ಕಾಸ್ ಮೇಲೆ ಮೈನಸ್ 1 ಬರೆದಿರುವ ಗುಂಡಿ, ಒತ್ತಿದರೆ 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿಲೋಮೀಟರ್. ಗುಣಿಸಿದರೆ ಸುಮಾರು 13,990. ಹೂವಿನ ದಾರ ಹೇಳಿದ್ದೂ ಇದನ್ನೇ ಅಲ್ವಾ?

ಒಂದು ಡಿಗ್ರಿ ಅಂದರೆ ಎಷ್ಟು ಅಂತ ಕಣ್ಣಿಗೆ ಕಟ್ಟಬೇಕಾದರೆ ಹಾಸನದಿಂದ ನೇರ ಉತ್ತರಕ್ಕೆ ಹೊಳಲ್ಕೆರೆ ನೆನೆಸಿಕೊಳ್ಳಿ. ಹೆಚ್ಚುಕಡಿಮೆ ಒಂದು ಡಿಗ್ರಿ. ಅಂಥ 126 ತುಂಡು ಸೇರಿದರೆ ಅಕ್ಕನ ಊರು. ನಮ್ಮ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನವರು ದಿನಾ ಮಾತಾಡಿಸುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲಿವೆ, ಅಕ್ಕನ ಮನೆಗಿಂತ ಎರಡೂವರೆ ಪಟ್ಟು ದೂರ.

ಬೆಂಗಳೂರಿನಿಂದ ಬೇರೆ ಕೆಲವು ಊರಿಗೆ ನಾನು ಇದೇ ರೀತಿ ತೆಗೆದ ದೂರ: ದುಬೈ ಸುಮಾರು 2,700, ಸಿಂಗಪುರ 3,180, ಫ್ರಾಂಕ್‌ಫರ್ಟ್ 7,400, ಲಂಡನ್ ಹೀಥ್ರೋ 8,050, ಸಿಡ್ನಿ 9,350 ಕಿಲೋಮೀಟರ್.

ವೆಬ್‌ಸೈಟ್‌ಗಳಲ್ಲಿ ನೋಡುವಾಗ ಅಳತೆ ಯಾವುದು ಅಂತ ಗಮನಿಸಿ. ಸ್ಯಾನ್ ಫ್ರಾನ್ಸಿಸ್ಕೋದ ಅದೇ ದೂರ ಮೈಲಿಯಲ್ಲಿ 8,700 ಆಗುತ್ತದೆ, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ 7,550 ಆಗುತ್ತದೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್.

ಹಂತ 4: ವಿಮಾನ ಈ ಗೆರೆಯ ಮೇಲೇ ಹೋಗುವುದಿಲ್ಲ

ಹಾಸನದಿಂದ ದೇವನಹಳ್ಳಿ ನಿಲ್ದಾಣಕ್ಕೆ ಕಾಗೆ ಹಾರಿದರೆ ಸುಮಾರು 176 ಕಿಲೋಮೀಟರ್. ಕಾರಿನಲ್ಲಿ ಹೋದರೆ ಇನ್ನೂರು ದಾಟುತ್ತದೆ. ಆಕಾಶದಲ್ಲೂ ಹಾಗೇ, ಅಲ್ಲೂ ತಿರುವುಗಳಿವೆ.

ಲಂಡನ್ನಿನ ಗೆರೆಯನ್ನೇ ನೋಡಿ. ಬೆಂಗಳೂರಿನಿಂದ ಬಿಗಿ ದಾರ ಎಳೆದರೆ ಅದು ಕರಾಚಿ ಹತ್ತಿರ ಹಾದು, ಇರಾನ್ ಮೇಲೆ ಹಾದು, ಕ್ಯಾಸ್ಪಿಯನ್ ಸಮುದ್ರ ದಾಟಿ, ಕ್ರಿಮಿಯಾ, ಉಕ್ರೇನ್ ಮೇಲೆ ಹೋಗುತ್ತದೆ. ಪಾಕಿಸ್ತಾನ 2019ರ ಫೆಬ್ರುವರಿಯಲ್ಲಿ ತನ್ನ ಆಕಾಶ ಮುಚ್ಚಿ ಕೆಲವು ತಿಂಗಳು ಹಾಗೇ ಇಟ್ಟಿತ್ತು, 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಉಕ್ರೇನ್ ಮೇಲೆ 2022ರ ಫೆಬ್ರುವರಿಯಿಂದ ಪ್ರಯಾಣಿಕರ ವಿಮಾನ ಹಾರುವಂತಿಲ್ಲ. ಅಮೆರಿಕ ಮತ್ತು ಯುರೋಪಿನ ಬಹುತೇಕ ಕಂಪನಿಗಳಿಗೆ ಅದೇ ವರ್ಷದಿಂದ ರಷ್ಯಾದ ಆಕಾಶವೂ ಇಲ್ಲ. ಹೀಗಾಗಿ ಒಂದೇ ಎರಡು ಊರಿನ ನಡುವೆ ಒಂದು ಕಂಪನಿಯ ವಿಮಾನ ಒಂದು ದಾರಿ ಹಿಡಿದರೆ ಇನ್ನೊಂದು ಸುತ್ತು ಹಾಕಿಕೊಂಡು ಬರುತ್ತದೆ, ಹೊತ್ತೂ ಬೇರೆಯಾಗುತ್ತದೆ.

ಟಿಬೆಟ್ ಮೇಲೂ ಸಾಮಾನ್ಯವಾಗಿ ಹೋಗುವುದಿಲ್ಲ. ಕಾರಣ ತಿಳಿದಾಗ ನನಗೆ ಮೈ ಜುಂ ಅಂದಿತ್ತು. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ಬೇಗ ಸುಮಾರು 3 ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು, ಯಾಕೆಂದರೆ ಮೇಲಿಂದ ಬೀಳುವ ಆಕ್ಸಿಜನ್ ಮಾಸ್ಕ್ ತುಂಬಾ ಹೊತ್ತು ಬರುವುದಿಲ್ಲ. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಇಳಿಯಲು ಜಾಗವೇ ಇಲ್ಲ.

ಲೆಕ್ಕಕ್ಕೆ ಸುಲಭ ದಾರಿ: ಗೆರೆಯ ದೂರಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಸೇರಿಸಿಕೊಳ್ಳಿ. ಮುಚ್ಚಿದ ಆಕಾಶ ನಡುವೆ ಬಂದರೆ ಇನ್ನೂ ಜಾಸ್ತಿ.

ಹಂತ 5: ದೂರದಿಂದ ಹೊತ್ತು ತೆಗೆಯಿರಿ

ದೊಡ್ಡ ವಿಮಾನಗಳು ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ, 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತವೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂಥ ಆರು ಗಿರಿಗಳನ್ನು ಒಂದರ ಮೇಲೊಂದು ಇಟ್ಟರೆ ವಿಮಾನದ ಎತ್ತರ. ಅಷ್ಟು ಮೇಲೇರಲು, ಇಳಿಯಲು, ರನ್‌ವೇವರೆಗೆ ಉರುಳಿಕೊಂಡು ಹೋಗಲು ಹೊತ್ತು ಬೇಕು. ಅದಕ್ಕೆ ನಾನು ಹೀಗೆ ಮಾಡುತ್ತೇನೆ: ಗೆರೆಯ ದೂರವನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸುತ್ತೇನೆ. ಸುತ್ತು ದಾರಿಯ ಸ್ವಲ್ಪ ಪಾಲು ಈ 850ರಲ್ಲೇ ಸೇರಿಹೋಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋ: 14,000 ÷ 850 ಅಂದರೆ ಹದಿನಾರೂವರೆ, ಜೊತೆಗೆ ಅರ್ಧ, ಹದಿನೇಳು ಗಂಟೆ. ಏಜೆಂಟ್ ಹೇಳಿದ್ದು ಇದೇ. ಲಂಡನ್‌ಗೆ ಹತ್ತು ಗಂಟೆ ಬರುತ್ತದೆ. ದುಬೈಗೆ ಮೂರು ಗಂಟೆ ನಲವತ್ತು ನಿಮಿಷ ಬರುತ್ತದೆ, ಆದರೆ ಟಿಕೆಟ್ಟಿನಲ್ಲಿ ಸುಮಾರು ನಾಲ್ಕು ಗಂಟೆ ಅಂತ ಇರುತ್ತದೆ. ಟಿಕೆಟ್ಟಿನ ಹೊತ್ತು ಅಂದರೆ ವಿಮಾನ ಗೇಟಿನಿಂದ ಹಿಂದಕ್ಕೆ ಸರಿದಲ್ಲಿಂದ ಆ ಕಡೆ ಗೇಟಿನಲ್ಲಿ ನಿಲ್ಲುವವರೆಗೆ. ರನ್‌ವೇ ಮುಂದೆ ಸಾಲು ನಿಂತರೂ ಹೊಂದಲಿ ಅಂತ ಕಂಪನಿಗಳು ಸ್ವಲ್ಪ ಸಡಿಲ ಇಟ್ಟಿರುತ್ತವೆ.

ಈಗ ಗಾಳಿ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯ ಹೊಳೆಗಳಿವೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಗಂಟೆಗೆ 200 ಕಿಲೋಮೀಟರ್ ದಾಟುವುದು ಸಾಮಾನ್ಯ. ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೋಗುವುದನ್ನು ಎದುರಿಗೆ ತಡೆಯುತ್ತದೆ. ಬೆಂಗಳೂರಿನಿಂದ ಲಂಡನ್‌ಗೆ ಹೋಗುವಾಗ ಹತ್ತೂವರೆ, ಹನ್ನೊಂದು ಆದರೆ ಬರುವಾಗ ಒಂದು ಗಂಟೆಯಷ್ಟು ಕಡಿಮೆ ಆಗುವುದು ಇದಕ್ಕೇ. 2020ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಲಂಡನ್‌ಗೆ ಬಂದ ಬ್ರಿಟಿಷ್ ಏರ್‌ವೇಸ್ ವಿಮಾನ ಕಿಯಾರಾ ಬಿರುಗಾಳಿಯ ತಳ್ಳಿನಿಂದ 4 ಗಂಟೆ 56 ನಿಮಿಷದಲ್ಲೇ ಇಳಿಯಿತು. ಮಾಮೂಲಿಗೆ ಆರೂವರೆ, ಏಳು ಗಂಟೆ ಬೇಕು. ಹಾಗಾಗಿ ದೂರದ ಊರಿಗೆ ಲೆಕ್ಕ ಹಾಕುವಾಗ ಪಶ್ಚಿಮಕ್ಕಾದರೆ ಅರ್ಧ, ಮುಕ್ಕಾಲು ಗಂಟೆ ಸೇರಿಸಿ, ಪೂರ್ವಕ್ಕಾದರೆ ಅಷ್ಟೇ ಕಳೆಯಿರಿ.

ಹಂತ 6: ಗಡಿಯಾರ, ಅದಕ್ಕಿಂತ ಮುಖ್ಯವಾಗಿ ತಾರೀಕು

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಎರಡನ್ನೂ ನೇರ ಕಳೆಯಬೇಡಿ. ಮೊದಲು ಎರಡನ್ನೂ ನಮ್ಮ ಸಮಯಕ್ಕೆ ತನ್ನಿ.

ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ಹಾಕುತ್ತಾರೆ. ಬ್ರಿಟನ್‌ನಲ್ಲಿ ಇದು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಆ ತಿಂಗಳುಗಳಲ್ಲಿ ಪ್ರಯಾಣ ಇದ್ದರೆ ಎರಡು ಸಲ ನೋಡಿ.

ಒಂದು ನಿಜವಾದ ಉದಾಹರಣೆ ತಗೊಳ್ಳಿ. ಏರ್ ಇಂಡಿಯಾ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿತು, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು. ವೇಳಾಪಟ್ಟಿ ಪ್ರಕಾರ ಅಲ್ಲಿ 9ನೇ ತಾರೀಕು ರಾತ್ರಿ 8.30ಕ್ಕೆ ಹೊರಟು ಇಲ್ಲಿ 11ನೇ ತಾರೀಕು ಬೆಳಗಿನ ಜಾವ 3.45ಕ್ಕೆ ಇಳಿಯಬೇಕಿತ್ತು. ತಾರೀಕು ನೋಡಿದರೆ ಎರಡು ದಿನ ಅನ್ನಿಸುತ್ತದೆ. ಅಲ್ಲಿನ 9ರ ರಾತ್ರಿ 8.30ಕ್ಕೆ ಹದಿಮೂರೂವರೆ ಸೇರಿಸಿ. ನಮ್ಮಲ್ಲಿ 10ರ ಬೆಳಿಗ್ಗೆ 10 ಗಂಟೆ. ಅಲ್ಲಿಂದ 11ರ ಬೆಳಗಿನ ಜಾವ 3.45ಕ್ಕೆ ಹದಿನೇಳು ಮುಕ್ಕಾಲು ಗಂಟೆ. ಅಷ್ಟೆ.

ಇನ್ನೊಂದು ವಿಷಯವನ್ನು ದಪ್ಪಕ್ಷರದಲ್ಲಿ ಬರೆದ ಹಾಗೆ ಓದಿಕೊಳ್ಳಿ. ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಎಷ್ಟೋ ವಿಮಾನ ಮಧ್ಯರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಆಲ್ದೂರಿನ ನಮ್ಮ ಚಿಕ್ಕಪ್ಪ ಮಗಳ ಘಟಿಕೋತ್ಸವಕ್ಕೆ ಹೊರಟಿದ್ದರು. ಟಿಕೆಟ್ಟಿನಲ್ಲಿ 14ನೇ ತಾರೀಕು, 00:40 ಅಂತ ಇತ್ತು. 14ರ ರಾತ್ರಿ ಅಂದುಕೊಂಡರು, ನಾವೂ ಹಾಗೇ ಅಂದುಕೊಂಡೆವು. 14ರ ಮಧ್ಯಾಹ್ನ ಊಟ ಮಾಡಿ, ದೇವರಿಗೆ ಕೈಮುಗಿದು, ಕಾಫಿಪುಡಿ ಡಬ್ಬ ಎಲ್ಲಾ ತುಂಬಿಸಿಕೊಂಡು ಹೊರಟರು. ರಾತ್ರಿ ನಿಲ್ದಾಣದ ಬಾಗಿಲಲ್ಲಿ ಕಾವಲಿನವರು ಟಿಕೆಟ್ ನೋಡಿ, "ಸರ್, ಇದು ನಿನ್ನೆ ರಾತ್ರಿನೇ ಹೋಯ್ತು" ಅಂದರಂತೆ. ಚಿಕ್ಕಪ್ಪ ಸೂಟ್‌ಕೇಸಿನ ಮೇಲೇ ಕೂತುಬಿಟ್ಟರು. ಮಗಳ ಘಟಿಕೋತ್ಸವ ಅವರು ನೋಡಿದ್ದು ಫೋನಿನಲ್ಲಿ. ಇವತ್ತಿಗೂ ಅದು ನೆನಪಾದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರಾತ್ರಿ 12ರಿಂದ ಬೆಳಿಗ್ಗೆ 6ರ ನಡುವಿನ ವಿಮಾನ ಆದರೆ ಮನೆ ಬಿಡುವುದು ಹಿಂದಿನ ದಿನ. ಕ್ಯಾಲೆಂಡರಿನಲ್ಲಿ ಆ ಹಿಂದಿನ ದಿನಕ್ಕೇ ಸುತ್ತು ಹಾಕಿ, "ಇವತ್ತು ಸಂಜೆ ಹೊರಡಬೇಕು" ಅಂತ ಕನ್ನಡದಲ್ಲೇ ಬರೆಯಿರಿ.

ಹಂತ 7: ನಡುವೆ ಇಳಿದು ಹತ್ತುವುದಿದ್ದರೆ

ಎರಡೂ ತುಂಡಿನ ದೂರ ಬೇರೆ ಬೇರೆ ತೆಗೆದು ಕೂಡಿ. ದುಬೈ ಮೇಲೆ ಹೋದರೆ 2,700 ಮತ್ತು 13,020, ಒಟ್ಟು 15,720 ಕಿಲೋಮೀಟರ್. ಫ್ರಾಂಕ್‌ಫರ್ಟ್ ಮೇಲೆ 7,400 ಮತ್ತು 9,150, ಒಟ್ಟು 16,550. ಫ್ರಾಂಕ್‌ಫರ್ಟ್ ದೂರವಾದರೂ ಎರಡು ತುಂಡು ಹೆಚ್ಚುಕಡಿಮೆ ಸಮ. ದುಬೈ ಆದರೆ ಎರಡನೆಯದು ಒಂದೇ ಸಮ ಹದಿನಾರು ಗಂಟೆ ಕೂರಬೇಕು. ಮಂಡಿನೋವು ಇರುವವರಿಗೆ ದೂರ ಕಡಿಮೆ ಇರುವ ದಾರಿಯೇ ಒಳ್ಳೆಯದು ಅಂತೇನಿಲ್ಲ, ನಡುವೆ ಕಾಲಾಡಿಸಲು ಸಿಗುವ ದಾರಿ ವಾಸಿ.

ಕಾಯುವ ಹೊತ್ತು ಮೂರು ಗಂಟೆ ಇದ್ದರೆ ನೆಮ್ಮದಿ. ನಡುವೆ ಒಂದೂಕಾಲು ಗಂಟೆಯಷ್ಟೇ ಇರುವ ಟಿಕೆಟ್ ಅಗ್ಗ ಅಂತ ವಯಸ್ಸಾದವರಿಗೆ ಕೊಡಿಸಬೇಡಿ. ಮೊದಲ ವಿಮಾನ ಅರ್ಧ ಗಂಟೆ ತಡವಾದರೆ ಅವರು ಗೊತ್ತಿಲ್ಲದ ಜಾಗದಲ್ಲಿ ಓಡಬೇಕಾಗುತ್ತದೆ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ, ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನ ಹತ್ತಿಸುವ ಜವಾಬ್ದಾರಿ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ಆ ಭಾರ ನಿಮ್ಮದೇ. ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕಾ ಅಂತ ಟಿಕೆಟ್ ಮಾಡಿಸುವ ಮೊದಲೇ ಆ ದೇಶದ ಅಧಿಕೃತ ವೆಬ್‌ಸೈಟಿನಲ್ಲಿ ನೋಡಿ. ವೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿದರೆ ಒಂದು ಗೇಟಿನಿಂದ ಇನ್ನೊಂದಕ್ಕೆ ಅವರೇ ಕರೆದುಕೊಂಡು ಹೋಗುತ್ತಾರೆ. ಭಾಷೆ ಬರದವರಿಗೂ ಇದು ದೊಡ್ಡ ಆಸರೆ.

ಹಂತ 8: ಮನೆ ಬಾಗಿಲಿಂದ ಎಣಿಸಿ

ಹಾಸನದವರು ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ನೆಲಮಂಗಲಕ್ಕೆ ಬಂದ ಮೇಲೆ ಬೆಂಗಳೂರಿನೊಳಗೆ ನುಗ್ಗಬೇಡಿ. ಸಂಜೆ ಹೊತ್ತು ಗೊರಗುಂಟೆಪಾಳ್ಯ, ಹೆಬ್ಬಾಳ ಎರಡೇ ಸಾಕು ಒಂದೂವರೆ ಗಂಟೆ ತಿನ್ನಲು. ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಿ. ಚಿಕ್ಕಮಗಳೂರಿನವರು ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಬಹುದು. ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್‌ಗೆ ಹೋಗಿ ವಾಯುವಜ್ರ ಹತ್ತಬಹುದು, ಆದರೆ ಎರಡು ದೊಡ್ಡ ಸೂಟ್‌ಕೇಸ್ ಇದ್ದರೆ ಕಾರೇ ಸರಿ.

ಹಾಸನದಿಂದ ಐದು ಗಂಟೆ, ಚಿಕ್ಕಮಗಳೂರಿನಿಂದ ಆರು ಗಂಟೆ ಇಟ್ಟುಕೊಳ್ಳಿ. ನಾಲ್ಕರಲ್ಲಿ ಹೋಗಬಹುದು ಅಂತ ಗೊತ್ತು. ಆದರೆ ಇದು ಮದುವೆಗೆ ಹೋಗುವ ಪ್ರಯಾಣ ಅಲ್ಲ, ಟೈರ್ ಪಂಕ್ಚರ್ ಆದರೆ ಯಾರೂ ಕಾಯುವುದಿಲ್ಲ. ಮಳೆಗಾಲದಲ್ಲಿ ಬಾಳೆಹೊನ್ನೂರು, ಮೂಡಿಗೆರೆ ಕಡೆಯವರು ರಸ್ತೆಗೆ ಮರ ಬೀಳುವುದನ್ನೂ ಎಣಿಸಬೇಕು, ಇನ್ನೂ ಒಂದು ಗಂಟೆ ಸೇರಿಸಿ. ಸಕಲೇಶಪುರ, ಮೂಡಿಗೆರೆಯವರು ದುಬೈ ಅಂಥ ಊರಿಗಾದರೆ ಮಂಗಳೂರಿನ ಬಜ್ಪೆಯನ್ನೂ ಯೋಚಿಸಬಹುದು. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವ ಕಾಲದಲ್ಲಿ ಮಾತ್ರ ಬೇಡ.

ನಿಲ್ದಾಣದಲ್ಲಿ ಮೂರು ಗಂಟೆ ಮೊದಲು ಇರಬೇಕು, ನಾಲ್ಕಾದರೆ ನೆಮ್ಮದಿ. ಬೆಂಗಳೂರಿನಲ್ಲಿ ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ, ಡ್ರೈವರ್‌ಗೆ ಮೊದಲೇ ಹೇಳಿ. ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ.

ಈಗ ಅಮ್ಮನ ಲೆಕ್ಕ ಕೂಡಿಸೋಣ. ಹಾಸನದಿಂದ ನಿಲ್ದಾಣಕ್ಕೆ 5 ಗಂಟೆ. ಅಲ್ಲಿ 4. ದುಬೈಗೆ 4. ದುಬೈನಲ್ಲಿ ಕಾಯುವುದು 3. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 16. ಇಮಿಗ್ರೇಷನ್ ಸಾಲು, ಲಗೇಜು ಒಂದೂವರೆ. ಕಾರಿನಲ್ಲಿ ಅಕ್ಕನ ಮನೆಗೆ 1. ಒಟ್ಟು ಮೂವತ್ನಾಲ್ಕೂವರೆ ಗಂಟೆ. ಪಕ್ಕದ ಮನೆ ಆಂಟಿ ಹೇಳಿದ ಒಂದೂವರೆ ದಿನ ಸರಿಯಾಗೇ ಇತ್ತು.

ಭಾವ ಹೇಳಿದ ಇಪ್ಪತ್ಮೂರು ಅಂದರೆ ನಡುವಿನ ಮೂರು: ನಾಲ್ಕು, ಮೂರು, ಹದಿನಾರು. ಟಿಕೆಟ್ಟಿನ ಹತ್ತೂವರೆಯ ಗುಟ್ಟೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ಬೆಳಗಿನ ಜಾವ 4ಕ್ಕೆ ಇಪ್ಪತ್ಮೂರು ಸೇರಿಸಿದರೆ ನಮ್ಮಲ್ಲಿ ಮಾರನೇ ದಿನ ಬೆಳಗಿನ ಜಾವ 3. ಅದರಲ್ಲಿ ಬೇಸಿಗೆಯ ಹನ್ನೆರಡೂವರೆ ಕಳೆದರೆ ಅಲ್ಲಿ ಹೊರಟ ದಿನವೇ ಮಧ್ಯಾಹ್ನ 2.30.

ಹಂತ 9: ಹೋಗುವವರ ಕೈಗೆ ಒಂದು ಚೀಟಿ

ಲೆಕ್ಕ ನಿಮ್ಮ ತಲೆಯಲ್ಲಿದ್ದರೆ ಪ್ರಯೋಜನ ಇಲ್ಲ. ಅಮ್ಮನಿಗೆ ಒಂದು ರಟ್ಟಿನ ಚೀಟಿ ಮಾಡಿಕೊಟ್ಟೆ. ಎಡಗಡೆ "ನಮ್ಮೂರ ಸಮಯ", ಬಲಗಡೆ "ಅಲ್ಲಿಯ ಸಮಯ". ಅಮ್ಮನ ವಾಚು ಇಡೀ ಪ್ರಯಾಣ ನಮ್ಮ ಸಮಯದಲ್ಲೇ ಇರಲಿ ಅಂತ ಹೇಳಿದೆ, ಮೊಬೈಲ್ ತಾನಾಗೇ ಅಲ್ಲಿನದಕ್ಕೆ ಬದಲಾಗುತ್ತದೆ. ಮಾತ್ರೆಯ ಹೊತ್ತನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿ ಎಡಗಡೆಯ ಸಾಲಿನಲ್ಲಿ ಬರೆದೆ. ದಿನಕ್ಕೆ ಎರಡು ಸಲ ಮಾತ್ರೆ ಇರುವವರಿಗೆ ಮೂವತ್ನಾಲ್ಕೂವರೆ ಗಂಟೆ ಅಂದರೆ ಮೂರು ಸಲದ ಮಾತ್ರೆ, ಜೊತೆಗೆ ತಡವಾದರೆ ಅಂತ ಎರಡು ದಿನದ್ದು ಜಾಸ್ತಿ. ಇದೆಲ್ಲ ಕೈಚೀಲದಲ್ಲೇ ಇರಬೇಕು. ಲಗೇಜಿಗೆ ಹಾಕಿದ ಸೂಟ್‌ಕೇಸಿನಲ್ಲಿಟ್ಟರೆ ಇಳಿಯುವವರೆಗೆ ಕೈಗೆ ಸಿಗುವುದಿಲ್ಲ.

ಅಮ್ಮ ಚೀಟಿಯನ್ನು ಎರಡು ಸಲ ಜೋರಾಗಿ ಓದಿ, ಪಾಸ್‌ಪೋರ್ಟಿನ ಜೊತೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡರು. "ನಾನು ದುಬೈನಲ್ಲಿ ಇಳಿಯುವಾಗ ನಮ್ಮನೇಲಿ ಬೆಳಗ್ಗೆ ಎಂಟಾಗಿರತ್ತೆ, ಅಲ್ವಾ? ನೀನು ತಿಂಡಿ ತಿಂದಿರು" ಅಂದರು.

ಹೊರಟ ಮೇಲೆ ನೀವು ಮಾಡಬೇಕಾದದ್ದು ಎರಡೇ. ಒಂದು, ವಿಮಾನದ ನಂಬರನ್ನು ವಿಮಾನ ತೋರಿಸುವ ಆ್ಯಪ್‌ನಲ್ಲಿ ಹಾಕಿ ನೋಡುವುದು. ಸಮುದ್ರದ ಮೇಲೆ, ಧ್ರುವದ ಕಡೆ ನೆಲದ ರಿಸೀವರ್ ಇರುವುದಿಲ್ಲ, ಚಿತ್ರ ಕೆಲವು ಹೊತ್ತು ಮಾಯವಾಗಬಹುದು. ಹೆದರಬೇಡಿ, ಆಮೇಲೆ ಮತ್ತೆ ಬರುತ್ತದೆ. ಎರಡು, ಕರೆದುಕೊಂಡು ಹೋಗಲು ಬರುವವರಿಗೆ ಇಳಿಯುವ ಸಮಯಕ್ಕೆ ಒಂದೂವರೆ ಗಂಟೆ ಸೇರಿಸಿ ಹೇಳುವುದು. ಅದನ್ನು ಅಲ್ಲಿನ ಗಡಿಯಾರದಲ್ಲೇ ಹೇಳಿ, ತಾರೀಕಿನ ಜೊತೆ ವಾರವನ್ನೂ ಸೇರಿಸಿ. ಭಾವನಿಗೆ ನಾನು ಕಳಿಸಿದ್ದು ಇಷ್ಟೇ: "ನಿಮ್ಮ ಸಮಯ ಗುರುವಾರ ಮಧ್ಯಾಹ್ನ 4ಕ್ಕೆ ಹೊರಗಿನ ಬಾಗಿಲಲ್ಲಿರಿ. ಅಮ್ಮ ಹಸಿರು ಶಾಲು ಹೊದ್ದಿರುತ್ತಾರೆ."